ಒಂದು ಪಾಯಿಂಟಿನ ಸೋಲು, ಲೆಕ್ಕಕ್ಕೇ ಸಿಗದ ಸೋಲು



ಮೊನ್ನೆ ಊರಿನ ಹಳೇ ಸ್ನೇಹಿತನೊಬ್ಬ ಫೋನ್ ಮಾಡಿ ಜಗಳಕ್ಕೇ ನಿಂತ. "ನೀವು ಎಲ್ಲದರಲ್ಲೂ ಜಾತಿ ತರ್ತೀರ ಮಾರಾಯ. ಆಟದಲ್ಲಿ ಅದೆಲ್ಲ ನಡೆಯಲ್ಲ. ಗೋಲು ಹೊಡೆಯೋನು ಟೀಮಲ್ಲಿ ಇರ್ತಾನೆ, ಹೊಡೆಯದವನು ಹೊರಗಿರ್ತಾನೆ, ಅಷ್ಟೇ" ಅಂದ. ಫೋನಲ್ಲಿ ಅವನಿಗೆ ಹೇಳೋಕೆ ಆಗದೇ ಹೋದ ಕತೆ ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕತೆ ನಮ್ಮ ನಾಡಿನದಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಪ್ಲಿಮತ್ ಅಂತ ಒಂದು ಬಂದರು ಊರಿದೆ. ನೌಕಾಪಡೆ, ಹಡಗು ಕಟ್ಟುವ ಯಾರ್ಡು, ಅದರಲ್ಲಿ ದುಡಿಯುವ ಜನ. ಆ ಊರಿನ ಫುಟ್‌ಬಾಲ್ ಕ್ಲಬ್ಬು ಪ್ಲಿಮತ್ ಆರ್ಗೈಲ್. ಹಸಿರು ಜೆರ್ಸಿ, ಹೋಮ್ ಪಾರ್ಕ್ ಅನ್ನೋ ಮೈದಾನ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಈ ಕ್ಲಬ್ಬು ಇದ್ದದ್ದು ಲೀಗಿನ ಕೆಳಗಿನ ಮೆಟ್ಟಿಲಲ್ಲಿ, ಮೂರನೇ ಡಿವಿಜನ್ನಿನ ದಕ್ಷಿಣ ವಿಭಾಗದಲ್ಲಿ. 22 ತಂಡ, ಒಂದೊಂದಕ್ಕೂ 42 ಪಂದ್ಯ, ಗೆದ್ದರೆ 2 ಪಾಯಿಂಟ್, ಡ್ರಾ ಆದರೆ 1. ಇಷ್ಟೆಲ್ಲ ಆಡಿದ ಮೇಲೆ ಎರಡನೇ ಡಿವಿಜನ್ನಿಗೆ ಬಡ್ತಿ ಸಿಗುತ್ತಿದ್ದದ್ದು ಒಂದೇ ಒಂದು ತಂಡಕ್ಕೆ. ಎರಡನೆಯವನಿಗೆ ಏನೂ ಇಲ್ಲ. ಎರಡನೇ ಸ್ಥಾನವೂ ಒಂದೇ, ಇಪ್ಪತ್ತನೇ ಸ್ಥಾನವೂ ಒಂದೇ.

ಆರ್ಗೈಲ್ ತಂಡ ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಸತತ ಆರು ವರ್ಷ ಎರಡನೇ ಸ್ಥಾನಕ್ಕೆ ಬಂತು. 1921-22ರಲ್ಲಿ ಸೌತಾಂಪ್ಟನ್ ಜೊತೆ 61 ಪಾಯಿಂಟಿನಲ್ಲಿ ಸರಿಸಮ. ಆಗ ಸಮ ಬಂದರೆ ಗೋಲ್ ಸರಾಸರಿ ನೋಡ್ತಿದ್ದರು, ಅಂದರೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸೋದು. ಸೌತಾಂಪ್ಟನ್ 68 ಹೊಡೆದು 21 ಬಿಟ್ಟಿತ್ತು, ಆರ್ಗೈಲ್ 63 ಹೊಡೆದು 24. ಕೊನೇ ದಿನ ಒಂದು ಡ್ರಾ ಸಾಕಿತ್ತು, ಲಂಡನ್ನಿಗೆ ಹೋಗಿ ಸೋತು ಬಂದರು. ಮುಂದಿನ ವರ್ಷ ಬ್ರಿಸ್ಟಲ್ ಸಿಟಿ 6 ಪಾಯಿಂಟ್ ಮುಂದೆ. ಅದರ ಮುಂದಿನ ವರ್ಷ ಪೋರ್ಟ್ಸ್‌ಮತ್ 4 ಪಾಯಿಂಟ್ ಮುಂದೆ. 1924-25ರಲ್ಲಿ ಸ್ವಾನ್ಸಿ, ಒಂದೇ ಪಾಯಿಂಟು. 1925-26ರಲ್ಲಿ ರೆಡಿಂಗ್, ಮತ್ತೆ ಒಂದೇ ಪಾಯಿಂಟು. 1926-27ರಲ್ಲಿ ಮತ್ತೆ ಬ್ರಿಸ್ಟಲ್ ಸಿಟಿ, 2 ಪಾಯಿಂಟು. ಎಲ್ಲ ಕೂಡಿಸಿ ನೋಡಿ, ಆರು ವರ್ಷಕ್ಕೆ 14 ಪಾಯಿಂಟ್ ಕಡಿಮೆ ಬಿದ್ದದ್ದು. ಏಳು ಗೆಲುವಿನಷ್ಟು.

ನಾನು ಹೇಳಬೇಕಾದ್ದು ಇದರಲ್ಲಿ ಐದನೇ ವರ್ಷದ ಬಗ್ಗೆ, 1925-26. ಯಾಕಂದ್ರೆ ಆ ವರ್ಷ ಆ ಮೈದಾನದಲ್ಲಿ ಎರಡು ಬಾಗಿಲು ಮುಚ್ಚಿಕೊಂಡವು. ಒಂದು ಕ್ಲಬ್ಬಿನದು, ಇನ್ನೊಂದು ಒಬ್ಬ ಮನುಷ್ಯನದು.

ಆ ಮನುಷ್ಯ ಜಾಕ್ ಲೆಸ್ಲಿ. 1901ರಲ್ಲಿ ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನಿನಲ್ಲಿ ಹುಟ್ಟಿದವನು. ಹಡಗುಕಟ್ಟೆ ಕೂಲಿಗಳ ಪ್ರದೇಶ ಅದು. ಅಪ್ಪ ಜಮೈಕಾದವರು, ಅಮ್ಮ ಇಂಗ್ಲಿಷ್ ಹೆಂಗಸು. ಜಾಕ್ ಕಲಿತ ಕಸುಬು ಬಾಯ್ಲರ್ ಮಾಡೋದು. 1921ರಲ್ಲಿ ಆರ್ಗೈಲ್ ಸೇರಿದ. (ಅದೇ ಹೊತ್ತಿಗೆ ಬಾಬಾಸಾಹೇಬರೂ ಲಂಡನ್ನಿನಲ್ಲೇ ಓದುತ್ತಿದ್ದರು. ಸಂಬಂಧ ಏನಿಲ್ಲ, ಆ ಕಾಲ ಕಣ್ಣಿಗೆ ಬರಲಿ ಅಂತ ಹೇಳಿದೆ.) ಜಾಕ್ ಆಡುತ್ತಿದ್ದ ಜಾಗ ಇನ್‌ಸೈಡ್ ಲೆಫ್ಟ್, ಅವನ ಎಡಕ್ಕೆ ವಿಂಗರ್ ಸ್ಯಾಮಿ ಬ್ಲ್ಯಾಕ್. ವಿಚಿತ್ರ ನೋಡಿ, ಬ್ಲ್ಯಾಕ್ ಅಂತ ಹೆಸರಿದ್ದವನು ಬಿಳಿಯ ಸ್ಕಾಟಿಷ್ ಹುಡುಗ. ಇವರಿಬ್ಬರ ಜೋಡಿ ಆ ವಿಭಾಗದ ಡಿಫೆಂಡರ್‌ಗಳಿಗೆ ತಲೆನೋವಾಗಿತ್ತು.

1925ರ ಬೇಸಿಗೆಯಲ್ಲಿ ಫುಟ್‌ಬಾಲಿನ ಒಂದು ನಿಯಮ ಬದಲಾಯ್ತು. ಅಲ್ಲಿವರೆಗೆ ಮುನ್ನುಗ್ಗುವ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂರು ಜನ ಇರಬೇಕಿತ್ತು, ಇಲ್ಲಾಂದ್ರೆ ಆಫ್‌ಸೈಡ್. ಅದನ್ನ ಎರಡು ಜನ ಅಂತ ಮಾಡಿದರು. ಇಡೀ ದೇಶದಲ್ಲಿ ಗೋಲುಗಳ ಸುರಿಮಳೆ. ಆರ್ಗೈಲ್ ಅಂತೂ ಹಬ್ಬ ಮಾಡಿತು. ಆ ಸೀಸನ್ನಿನ 42 ಪಂದ್ಯದಲ್ಲಿ ಆ ತಂಡ ಹೊಡೆದದ್ದು 107 ಗೋಲು.

ಸೀಸನ್ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಅಕ್ಟೋಬರಿನಲ್ಲಿ ಮ್ಯಾನೇಜರ್ ಬಾಬ್ ಜ್ಯಾಕ್ ಅವರು ಜಾಕ್ ಲೆಸ್ಲಿಯನ್ನ ಆಫೀಸಿಗೆ ಕರೆದರು. ಇಂಗ್ಲೆಂಡ್ ತಂಡಕ್ಕೆ ನಿನ್ನ ಹೆಸರು ಬಂದಿದೆ ಅಂದರು. ಐರ್ಲೆಂಡ್ ವಿರುದ್ಧ ಬೆಲ್‌ಫಾಸ್ಟಿನಲ್ಲಿ ಪಂದ್ಯ. ಮೂರನೇ ಡಿವಿಜನ್ನಿನ ಆಟಗಾರನಿಗೆ ದೇಶದ ಕರೆ ಬರೋದು ಅಂದ್ರೆ ಸಣ್ಣ ಮಾತಲ್ಲ. ಊರಿಗೆ ಊರೇ ಅದನ್ನೇ ಮಾತಾಡಿತು. ಪೇಪರಿನಲ್ಲೂ ಹೆಸರು ಬಂತು. ಕೆಲವೇ ದಿನ ಕಳೆದ ಮೇಲೆ ಪೇಪರಿನಲ್ಲಿ ಬಂದ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಅವನ ಜಾಗದಲ್ಲಿ ಆಡಿದ್ದು ಆಸ್ಟನ್ ವಿಲ್ಲಾದ ಬಿಲ್ಲಿ ವಾಕರ್. ವಾಕರ್ ಒಳ್ಳೇ ಆಟಗಾರನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೆಸರು ಬಂದು ಹೋದದ್ದು ಯಾಕೆ?

ಉತ್ತರ ಯಾರೂ ಕೊಡಲಿಲ್ಲ. ಆ ಕಾಲದಲ್ಲಿ ಇಂಗ್ಲೆಂಡ್ ತಂಡಕ್ಕೆ ಮ್ಯಾನೇಜರ್ ಅಂತ ಇರಲಿಲ್ಲ, ಆ ಹುದ್ದೆ ಬಂದದ್ದು 1946ರಲ್ಲಿ. ಅಲ್ಲಿವರೆಗೆ ಎಫ್‌ಎಯ ಪದಾಧಿಕಾರಿಗಳ ಒಂದು ಸಮಿತಿ ಕೂತು ಹೆಸರು ಬರೆಯುತ್ತಿತ್ತು. ಜಾಕ್ ಆಮೇಲೆ, ಬಹಳ ಆಮೇಲೆ, 1978ರಲ್ಲಿ ಒಬ್ಬ ಪತ್ರಕರ್ತನ ಹತ್ತಿರ ಇದನ್ನ ಹೇಳಿಕೊಂಡ. ಎಫ್‌ಎ ಕಡೆಯವರು ಇನ್ನೊಂದು ಸಲ ನೋಡೋಕೆ ಬಂದಿದ್ದರು ಅಂತ ಅವನಿಗೆ ಗೊತ್ತಾಗಿತ್ತಂತೆ. ಬಂದವರು ನೋಡಿದ್ದು ತನ್ನ ಆಟವನ್ನಲ್ಲ, ತನ್ನ ಮುಖವನ್ನ ಅಂತ ಅವನ ಮಾತಿನ ಅರ್ಥ. ಕರಿಯ ಅಂತ ಗೊತ್ತಾದ ಕೂಡಲೇ ಪರದೇಶಿ ಅಂತ ಗೊತ್ತಾದ ಹಾಗೆ ಆಗಿರಬೇಕು ಅವರಿಗೆ ಅಂತಲೂ ಹೇಳಿದ. ಹುಟ್ಟಿದ್ದು ಲಂಡನ್ನಿನಲ್ಲಿ, ತಾಯಿ ಇಂಗ್ಲಿಷಿನವಳು, ಆದರೂ.

ಅಕ್ಟೋಬರ್ 24, 1925, ಶನಿವಾರ. ಬೆಲ್‌ಫಾಸ್ಟಿನಲ್ಲಿ ಇಂಗ್ಲೆಂಡ್ ಒಂದೂ ಗೋಲು ಹೊಡೆಯದೆ 0-0 ಡ್ರಾ ಮಾಡಿಕೊಂಡಿತು. ಅದೇ ದಿನ ಹೋಮ್ ಪಾರ್ಕಿನಲ್ಲಿ ಆರ್ಗೈಲ್ ಬೋರ್ನ್‌ಮತ್ ತಂಡವನ್ನ 7-2ರಿಂದ ಹೊಡೆಯಿತು. ಅದರಲ್ಲಿ ಎರಡು ಗೋಲು ಜಾಕ್ ಲೆಸ್ಲಿಯದು. ಫೋನ್ ಮಾಡಿದ ಸ್ನೇಹಿತ, "ಗೋಲು ಹೊಡೆಯೋನು ಟೀಮಲ್ಲಿ ಇರ್ತಾನೆ" ಅಂದೆಯಲ್ಲ, ಇದನ್ನ ಇನ್ನೊಂದು ಸಲ ಓದು.

ಸೀಸನ್ ಮುಂದುವರೀತು. ಚಳಿಗಾಲ ಕಳೆಯಿತು. ಆರ್ಗೈಲ್, ರೆಡಿಂಗ್ ನಡುವೆ ಎಳೆದಾಟ. 1926ರ ಮೇ ತಿಂಗಳ ಮೊದಲ ಶನಿವಾರ ಕೊನೇ ಪಂದ್ಯ. ಆರ್ಗೈಲ್ ಗಿಲ್ಲಿಂಗಮ್‌ಗೆ ಹೋಗಿ ಸೋತಿತು. ಅತ್ತ ರೆಡಿಂಗ್ ತನ್ನ ಮನೆಯಂಗಳದಲ್ಲಿ ಬ್ರೆಂಟ್‌ಫೋರ್ಡ್ ತಂಡವನ್ನ 7-1ರಿಂದ ಬಡಿಯಿತು. ರೆಡಿಂಗ್ 57, ಆರ್ಗೈಲ್ 56. ರೆಡಿಂಗ್ ಇಡೀ ವರ್ಷ ಹೊಡೆದದ್ದು 77 ಗೋಲು, ಆರ್ಗೈಲಿಗಿಂತ 30 ಕಡಿಮೆ. ನಾನು ಕೂತು ಲೆಕ್ಕ ಹಾಕಿ ನೋಡಿದೆ: ಆ ಕೊನೇ ಪಂದ್ಯ ಡ್ರಾ ಆಗಿದ್ರೂ ಪಾಯಿಂಟ್ ಸಮ ಆಗ್ತಿತ್ತು, ಗೋಲ್ ಸರಾಸರಿಯಲ್ಲಿ ಆರ್ಗೈಲೇ ಮೇಲಿರ್ತಿತ್ತು. ಅಷ್ಟು ಹತ್ತಿರ. ಒಂದೆರಡು ದಿನದಲ್ಲಿ ಇಂಗ್ಲೆಂಡಿನಲ್ಲಿ ಗಣಿ ಕಾರ್ಮಿಕರ ಪರವಾಗಿ ಮಹಾ ಮುಷ್ಕರ ಶುರುವಾಯ್ತು, ಫುಟ್‌ಬಾಲ್ ಯಾರ ನೆನಪಿನಲ್ಲೂ ಉಳಿದಿರಲಿಕ್ಕಿಲ್ಲ.

ಈಗ ನನ್ನ ಮಾತು. ಒಂದು ಪಾಯಿಂಟಿನಿಂದ ಸೋಲೋದು ಹೊಟ್ಟೆ ಉರಿಯುವ ಸಂಗತಿ. ಒಬ್ಬನಿಗೇ ಬಾಗಿಲು ತೆಗೆಯೋ ಆ ನಿಯಮವೂ ಕ್ರೂರವೇ. ಆದ್ರೆ ಅಲ್ಲಿ ಒಂದು ಪಟ್ಟಿ ಇದೆ. ಗೋಡೆ ಮೇಲೆ ಅಂಟಿಸಿದ ಪಟ್ಟಿ. ಎಲ್ಲಿ ಸೋತೆ, ಎಷ್ಟರಿಂದ ಸೋತೆ ಅಂತ ಬೆರಳಿಟ್ಟು ತೋರಿಸಬಹುದು. ಮುಂದಿನ ವರ್ಷ ಒಂದು ಪಂದ್ಯ ಹೆಚ್ಚು ಗೆದ್ದರೆ ಆಯ್ತು ಅಂತ ಅಂದುಕೊಳ್ಳಬಹುದು. ಜಾಕ್ ಲೆಸ್ಲಿಯ ಸೋಲಿಗೆ ಪಟ್ಟಿ ಎಲ್ಲಿದೆ? ಅವನು ಎಷ್ಟು ಪಾಯಿಂಟಿನಿಂದ ಕಡಿಮೆ ಬಿದ್ದ? ಇನ್ನೂ ಎಷ್ಟು ಗೋಲು ಹೊಡೆದಿದ್ರೆ ಸಾಕಿತ್ತು?

ನಮ್ಮಲ್ಲಿ ಲಿಖಿತ ಪರೀಕ್ಷೆ ಬರೆದು, ಒಳ್ಳೇ ಅಂಕ ತಗೊಂಡು, ಆಮೇಲೆ ಸಂದರ್ಶನದ ಕೋಣೆಗೆ ಹೋದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೀಸಲು ಹುದ್ದೆ ಎದುರಿಗೆ "ನಾಟ್ ಫೌಂಡ್ ಸೂಟಬಲ್" ಅಂತ ಮೂರು ಪದ ಬರೆದು ಕಳಿಸ್ತಾರೆ. ನನಗೂ ಒಂದು ಸಲ ಆಗಿದೆ, ಎಲ್ಲಿ ಅಂತ ಇಲ್ಲಿ ಬೇಡ. ಆ ಕೋಣೆಯಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಅಪ್ಪನ ಕೆಲಸದ್ದು. ಏನು ಕಡಿಮೆ ಆಯ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದ್ರೆ ಪಲ್ವಂಕರ್ ಬಾಲೂ ಅವರನ್ನ ನೆನೆಸಿಕೊಳ್ಳಿ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲೇ, ಚಮ್ಮಾರ ಕುಟುಂಬದಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ಚು ನೋಡಿಕೊಳ್ಳುತ್ತ, ಅಲ್ಲಿನ ಬ್ಯಾಟ್ಸ್‌ಮನ್ನುಗಳಿಗೆ ನೆಟ್ಟಿನಲ್ಲಿ ಚೆಂಡು ಹಾಕುತ್ತ ದೊಡ್ಡ ಸ್ಪಿನ್ನರ್ ಆದವರು. ಹಿಂದೂ ಕ್ಲಬ್ಬಿನವರಿಗೆ ಅವರ ವಿಕೆಟ್ ಬೇಕಿತ್ತು, ಆದ್ರೆ ಟೀ ಹೊತ್ತಿನಲ್ಲಿ ಹೊರಗೆ ನಿಲ್ಲಿಸಿ ಬೇರೆ ಮಣ್ಣಿನ ಲೋಟದಲ್ಲಿ ಕೊಡ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠಲ್‌ಗೆ ಸಿಕ್ಕಿತು. ವಿಕೆಟ್ಟಿಗೆ ಲೆಕ್ಕ ಇದೆ, ನಾಯಕನನ್ನ ಆರಿಸೋದಕ್ಕೆ ಲೆಕ್ಕ ಇಲ್ಲ.

ಮತ್ತೆ ಪ್ಲಿಮತ್‌ಗೆ ಬರೋಣ. ಕ್ಲಬ್ಬಿನ ಬಾಗಿಲು ಕೊನೆಗೂ ತೆರೀತು. 1929-30ರಲ್ಲಿ 42 ಪಂದ್ಯದಲ್ಲಿ ಬರೀ 4 ಸೋತು, 68 ಪಾಯಿಂಟಿನಿಂದ ಮೊದಲನೇ ಸ್ಥಾನ. ಎರಡನೆಯದು ಬ್ರೆಂಟ್‌ಫೋರ್ಡ್, ಅದೂ ತನ್ನ ಮೈದಾನದ 21 ಪಂದ್ಯಕ್ಕೆ 21ನ್ನೂ ಗೆದ್ದು! ಪಾಪ ಅನ್ಸುತ್ತೆ. ಜಾಕ್ ಆ ತಂಡದಲ್ಲಿದ್ದ. ಒಟ್ಟು ಸುಮಾರು 400 ಪಂದ್ಯ, 137 ಗೋಲು. ಕೊನೆಗೆ ಚೆಂಡಿನ ಲೇಸು ಕಣ್ಣಿಗೆ ಬಡಿದು ಆದ ಗಾಯದಿಂದ ಆಟ ನಿಂತಿತು. ಇಂಗ್ಲೆಂಡಿನಿಂದ ಇನ್ನೊಂದು ಕರೆ ಬರಲೇ ಇಲ್ಲ. ಬಾಯ್ಲರ್ ಕೆಲಸಕ್ಕೆ ವಾಪಸ್ ಹೋದ.

ವಯಸ್ಸಾದ ಮೇಲೆ ವೆಸ್ಟ್ ಹ್ಯಾಮ್ ಕ್ಲಬ್ಬಿಗೆ ಕೆಲಸ ಕೇಳಿಕೊಂಡು ಹೋದ. ಮ್ಯಾನೇಜರ್ ರಾನ್ ಗ್ರೀನ್‌ವುಡ್ ಗುರುತು ಹಿಡಿದು ಬೂಟ್ ರೂಮಿನಲ್ಲಿ ಕೆಲಸ ಕೊಟ್ಟರು. ಆಟಗಾರರ ಬೂಟಿಗೆ ಹತ್ತಿದ ಕೆಸರು ತೆಗೆದು, ತಿಕ್ಕಿ, ಪಾಲಿಶ್ ಹಾಕೋ ಕೆಲಸ. 1966ರಲ್ಲಿ ವಿಶ್ವಕಪ್ ಎತ್ತಿದ ನಾಯಕ ಬಾಬಿ ಮೂರ್ ಆ ಕ್ಲಬ್ಬಿನವನೇ, ಫೈನಲ್ಲಿನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ಕೂಡ. ಇಂಗ್ಲೆಂಡಿನ ಅಂಗಿ ತೊಟ್ಟವರ ಬೂಟನ್ನ, ಆ ಅಂಗಿ ಕೊಟ್ಟು ಕಿತ್ತುಕೊಂಡವರ ಕಾಲದ ಮನುಷ್ಯ ತಿಕ್ಕುತ್ತಿದ್ದ. ಬೂಟು ತಿಕ್ಕೋದರಲ್ಲಿ ಅವಮಾನ ಇದೆ ಅಂತ ನಾನು ಹೇಳ್ತಿಲ್ಲ, ಚರ್ಮದ ಕೆಲಸದ ಮನೆಯಿಂದ ಬಂದವನು ನಾನು. ಅವನಿಗೂ ಆ ಕೆಲಸ ಇಷ್ಟ ಇತ್ತಂತೆ. ಎಂಬತ್ತು ವರ್ಷದ ಹತ್ತಿರದವರೆಗೂ ಮಾಡಿದ. ನನಗೆ ಕಾಡೋದು ಬೇರೆ. ಆ ಕೋಣೆಗೆ ಬಂದು ಹೋಗುತ್ತಿದ್ದ ಹುಡುಗರಲ್ಲಿ ಬರ್ಮುಡಾದಿಂದ ಬಂದ ಕರಿಯ ಆಟಗಾರ ಕ್ಲೈಡ್ ಬೆಸ್ಟ್ ಕೂಡ ಇದ್ದ. ಎದುರಿಗೆ ಕೂತಿದ್ದ ಮುದುಕ ತನಗಿಂತ ನಲವತ್ತು ವರ್ಷ ಮುಂಚೆ ಎಲ್ಲಿವರೆಗೆ ಹೋಗಿ ಬಂದವನು ಅನ್ನೋದು ಆ ಕೋಣೆಯ ಗೋಡೆ ಮೇಲೆಲ್ಲೂ ಬರೆದಿರಲಿಲ್ಲ.

1978ರ ನವೆಂಬರಿನಲ್ಲಿ ವಿವ್ ಆಂಡರ್ಸನ್ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಆಡಿದ ಮೊದಲ ಕರಿಯ ಆಟಗಾರನಾದ. 1925ರಿಂದ ಲೆಕ್ಕ ಹಾಕಿದ್ರೆ 53 ವರ್ಷ. ಜಾಕ್ 1988ರಲ್ಲಿ ತೀರಿಕೊಂಡ.

2020ರಲ್ಲಿ ಆರ್ಗೈಲ್ ಅಭಿಮಾನಿಗಳು ಚಂದಾ ಎತ್ತಲು ಶುರು ಮಾಡಿದರು. 2022ರ ಅಕ್ಟೋಬರಿನಲ್ಲಿ ಹೋಮ್ ಪಾರ್ಕಿನ ಹೊರಗೆ ಜಾಕ್ ಲೆಸ್ಲಿಯ ಪ್ರತಿಮೆ ನಿಂತಿತು. ಜನ ದುಡ್ಡು ಹಾಕಿ ನಿಲ್ಲಿಸಿದ ಪ್ರತಿಮೆ. ಆಮೇಲೆ ಎಫ್‌ಎ ತನ್ನ ಕಡೆಯಿಂದ ಅನ್ಯಾಯ ಆಗಿದೆ ಅಂತ ಒಪ್ಪಿಕೊಂಡು, 2023ರ ಮಾರ್ಚಿನಲ್ಲಿ ವೆಂಬ್ಲಿಯಲ್ಲಿ ಅವನ ಹೆಸರಿನ ಗೌರವ ಕ್ಯಾಪನ್ನು ಕುಟುಂಬದವರ ಕೈಗೆ ಕೊಟ್ಟಿತು. 98ನೇ ವರ್ಷ ನಡೀತಿತ್ತು.

ಫೋನ್ ಮಾಡಿದ ಸ್ನೇಹಿತನಿಗೂ ಇದನ್ನ ಕಳಿಸ್ತಿದ್ದೀನಿ. ಓದಿ ಮತ್ತೆ ಜಗಳಕ್ಕೆ ಬರ್ತಾನೆ, ಬರಲಿ.