ಕಿರ್ದಿ ಹಳೆಯದು, ಲೆಕ್ಕಿಗ ಹೊಸಬ

ಕಿರ್ದಿ, ಖತಾವಣಿ, ಜಮೆ, ಬಾಕಿ – ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತುಗಳು ಅಪರಿಚಿತವಾಗಿರಬಹುದು. ಊರು ಬಿಟ್ಟು ಬಂದು ಹೋಟೆಲಿನ ಗಲ್ಲಾದಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ಕುಳಿತ ನಮ್ಮಂಥವರಿಗೆ ಅವು ಅನ್ನ ಕೊಟ್ಟ ಮಾತುಗಳು. ಹಿಂದೆ ಕನ್ನಡ ನಾಡಿನ ವರ್ತಕರು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಆದರೆ ಹಿಂದಿನ ಬಾಕಿ ಮಾತ್ರ ಒಂದು ಕಾಸೂ ಕದಲದೆ ಮುಂದಕ್ಕೆ ಬರಬೇಕಿತ್ತು. ಕಂಪ್ಯೂಟರಿನೊಳಗೆ ನಡೆದ ಇಂಥದೇ ಒಂದು ಕೆಲಸದ ಇತಿಹಾಸವನ್ನು ಓದುಗರ ಮುಂದಿಡುತ್ತಿದ್ದೇನೆ.

2003ರಲ್ಲಿ ಅಮೆರಿಕದ ಜಾನ್ ವೀಗ್ಲಿ ಎಂಬವರು ‘ಲೆಜರ್’ ಎಂಬ ಲೆಕ್ಕದ ಪ್ರೋಗ್ರಾಮನ್ನು ಹೊರತಂದರು. ಇದರಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಬರಿಯ ಪರದೆಯ ಮೇಲೆ ಒಂದು ಸಾಲಿನ ಆಜ್ಞೆಯನ್ನು ಟೈಪು ಮಾಡಿದರೆ ಉತ್ತರ ಬರುತ್ತದೆ, ಅಷ್ಟೆ. ಲೆಕ್ಕವನ್ನು ಬರೆದಿಡುವುದು ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರಗಳ ಕಡತದಲ್ಲಿ. ಸಂಘದ ವಾಚನಾಲಯಕ್ಕೆ 500 ರೂಪಾಯಿಯ ಪುಸ್ತಕ ಕೊಂಡೆವೆನ್ನಿ. ಮೊದಲ ಸಾಲಿನಲ್ಲಿ ದಿನಾಂಕ ಮತ್ತು ಅಂಗಡಿಯ ಹೆಸರು, ಎರಡನೆಯದರಲ್ಲಿ ಪುಸ್ತಕದ ಖರ್ಚು 500, ಮೂರನೆಯದರಲ್ಲಿ ನಗದು. ನಗದಿನ ಎದುರು ಮೊತ್ತ ಬರೆಯದೆ ಬಿಟ್ಟರೂ ಅದು 500 ಕಡಿಮೆಯಾಯಿತೆಂದು ಪ್ರೋಗ್ರಾಮೇ ತಿಳಿದುಕೊಳ್ಳುತ್ತದೆ. ಏಕೆಂದರೆ ಒಂದು ವ್ಯವಹಾರದ ಸಾಲುಗಳೆಲ್ಲ ಕೂಡಿದರೆ ಸೊನ್ನೆಯಾಗಲೇಬೇಕು. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಚೋಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೇ ಇದು. ಅದನ್ನು ಕಂಡುಹಿಡಿದವನು ಆತನಲ್ಲ, ವರ್ತಕರು ಮೊದಲೇ ಬಳಸುತ್ತಿದ್ದರು. ಇನ್ನೊಂದು ಮಾತು: ಲೆಜರ್ ನಮ್ಮ ಕಡತವನ್ನು ಓದುತ್ತದೆ, ಕೂಡುತ್ತದೆ, ವರದಿ ಕೊಡುತ್ತದೆ, ಅದರಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲ. ಗುಮಾಸ್ತನಾಗಿ ದುಡಿದ ನನಗೆ ಬಹಳ ಹಿಡಿಸಿದ ಗುಣ ಇದು.

ಜನ ಬಳಸತೊಡಗಿದ ಮೇಲೆ ಬೇಡಿಕೆಗಳು ಬರುತ್ತವೆ. ಒಬ್ಬರಿಗೆ ಷೇರುಗಳ ಲೆಕ್ಕ ಬೇಕು, ಇನ್ನೊಬ್ಬರಿಗೆ ಡಾಲರು-ರೂಪಾಯಿ ಎರಡೂ ಬೇಕು. ಹಳೆಯ ಮನೆಗೆ ಕೋಣೆಗಳನ್ನು ಸೇರಿಸುತ್ತ ಹೋದರೆ ಅಡಿಗೆಮನೆಗೆ ಹೋಗಲು ಬಚ್ಚಲನ್ನು ದಾಟಬೇಕಾಗುವುದಿಲ್ಲವೇ, ಪ್ರೋಗ್ರಾಮಿನ ಗತಿಯೂ ಅದೇ. 1992ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಜ್ಞರು ಈ ಅವಸ್ಥೆಯನ್ನು ಸಾಲಕ್ಕೆ ಹೋಲಿಸಿದರು: ಅವಸರದಲ್ಲಿ ಬರೆದ ಪ್ರೋಗ್ರಾಮು ತಂದ ಸಾಲದಂತೆ, ತಿದ್ದಿ ತೀರಿಸುವವರೆಗೂ ಬಡ್ಡಿ ತೆರುತ್ತಲೇ ಇರಬೇಕು. ಅವರು ಆಗ ಕಟ್ಟುತ್ತಿದ್ದದ್ದೂ ಹಣ ಹೂಡಿಕೆಯ ಲೆಕ್ಕದ ವೈಕ್ಯಾಶ್ ಎಂಬ ಪ್ರೋಗ್ರಾಮನ್ನೇ. ಹೊರಗಿನ ನಡತೆ ಬದಲಾಗದಂತೆ ಒಳಗಿನ ಕಟ್ಟಡವನ್ನು ಸರಿಪಡಿಸುವ ಈ ಕೆಲಸಕ್ಕೆ ರೀಫ್ಯಾಕ್ಟರಿಂಗ್ ಎನ್ನುತ್ತಾರೆ. ಅದೇ 1992ರಲ್ಲಿ ವಿಲಿಯಂ ಓಪ್ಡೈಕ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೇಲೆ ಪ್ರಬಂಧ ಬರೆದರು. 1999ರಲ್ಲಿ ಮಾರ್ಟಿನ್ ಫೌಲರ್ ಅವರ ಪುಸ್ತಕ ಬಂದ ಮೇಲೆ ಹೆಸರು ಎಲ್ಲೆಡೆ ಹರಡಿತು.

ಹೇಳುವುದು ಸುಲಭ. ನಾನಿದ್ದ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬಂದಾಗ ಕೆಲವು ತಿಂಗಳು ಹಳೆಯ ಖಾತೆಪುಸ್ತಕ, ಹೊಸ ಯಂತ್ರ ಎರಡರಲ್ಲೂ ಬರೆಯುತ್ತಿದ್ದೆವು. ಒಮ್ಮೆ ಬಡ್ಡಿಯ ಮೊತ್ತದಲ್ಲಿ ಏಳು ಪೈಸೆ ವ್ಯತ್ಯಾಸ ಬಂತು. ಮೂರು ರಾತ್ರಿ ಕುಳಿತು ಹುಡುಕಿದೆವು. ಅರ್ಧ ಪೈಸೆಯನ್ನು ನಾವು ಮೇಲಕ್ಕೆ ಏರಿಸುತ್ತಿದ್ದೆವು, ಯಂತ್ರ ಬಿಟ್ಟುಬಿಡುತ್ತಿತ್ತು! ಏಳು ಪೈಸೆಗೆ ಮೂರು ರಾತ್ರಿಯೇ ಎಂದು ಮನೆಯವರು ನಕ್ಕರು. ಆದರೆ ಏಳು ಪೈಸೆಯ ಕಾರಣ ತಿಳಿಯದಿದ್ದರೆ ಏಳು ಸಾವಿರವನ್ನು ನಂಬುವುದು ಹೇಗೆ?

ಲೆಜರಿನ ಮೂರನೆಯ ಆವೃತ್ತಿಗಾಗಿ ಒಳಗನ್ನೆಲ್ಲ ಬಿಚ್ಚಿ ಜೋಡಿಸಿದವರ ಮುಂದಿದ್ದದ್ದೂ ಇದೇ ಪ್ರಶ್ನೆ. ಮೊದಲು ಹೆಸರುಗಳ ವಿಚಾರ. ಎರಡನೆಯ ಆವೃತ್ತಿಯ ಒಳಗೆ ಇಡೀ ನಮೂದಿಗೆ ‘ಎಂಟ್ರಿ’ ಎಂದೂ ಅದರ ಒಂದೊಂದು ಸಾಲಿಗೆ ‘ಟ್ರಾನ್ಸಾಕ್ಷನ್’ ಎಂದೂ ಹೆಸರಿತ್ತು. ಲೆಕ್ಕಿಗರಿಗೆ ಇದು ತಲೆಕೆಳಗು. ಮೂರನೆಯ ಆವೃತ್ತಿಯಲ್ಲಿ ಇಡೀ ವ್ಯವಹಾರವೇ ಟ್ರಾನ್ಸಾಕ್ಷನ್, ಸಾಲು ‘ಪೋಸ್ಟಿಂಗ್’ ಎಂದಾಯಿತು. ಹೆಸರು ಬದಲಿಸುವುದು ಚಿಕ್ಕ ಕೆಲಸವೆಂದು ಕಾಣುತ್ತದೆ. ಆದರೆ ಒಂದೇ ಪದ ಹಿಂದೆ ಒಂದರ್ಥ, ಈಗ ಇನ್ನೊಂದರ್ಥ ಕೊಡುವಾಗ ಎಲ್ಲಿ ಕೈ ತಪ್ಪಿದರೂ ಅನಾಹುತ.

ಪೈಸೆಯ ವಿಚಾರ ಇನ್ನೂ ಸೂಕ್ಷ್ಮ. ಹತ್ತರಲ್ಲಿ ಒಂದು ಎಂಬ ಸಂಖ್ಯೆಯನ್ನು ಕಂಪ್ಯೂಟರಿನ ಎರಡಂಕಿಯ ಪದ್ಧತಿಯಲ್ಲಿ ಪೂರ್ತಿಯಾಗಿ ಬರೆಯಲಾಗದು. ನಾವು ಮೂರರಲ್ಲಿ ಒಂದನ್ನು ದಶಮಾಂಶದಲ್ಲಿ ಬರೆಯಹೊರಟರೆ 3ರ ಸಾಲು ಮುಗಿಯದಲ್ಲ, ಹಾಗೆ. ಆದ್ದರಿಂದ ಈ ಆವೃತ್ತಿಯಲ್ಲಿ ಮೊತ್ತಗಳು ಒಳಗೆ ಭಿನ್ನರಾಶಿಗಳಾಗಿಯೇ ಉಳಿಯುತ್ತವೆ, ತೋರಿಸುವಾಗ ಮಾತ್ರ ಪೈಸೆಗೆ ಸರಿಹೊಂದಿಸಲಾಗುತ್ತದೆ. 100 ರೂಪಾಯಿಯನ್ನು ಮೂರು ಪಾಲು ಮಾಡಿ ಮತ್ತೆ ಕೂಡಿದರೆ ಸರಿಯಾಗಿ 100 ಬರುತ್ತದೆ.

ಇದನ್ನೆಲ್ಲ ಕಾಯುವುದು ಪರೀಕ್ಷೆಗಳ ಕಟ್ಟು. ಒಂದೊಂದು ಪರೀಕ್ಷೆಯಲ್ಲೂ ಒಂದು ಪುಟ್ಟ ಲೆಕ್ಕ, ಒಂದು ಆಜ್ಞೆ, ಬರಬೇಕಾದ ಉತ್ತರ ಇರುತ್ತವೆ. ಒಳಗೆ ಏನನ್ನು ಮುಟ್ಟಿದರೂ ಅವನ್ನೆಲ್ಲ ಮತ್ತೆ ನಡೆಸಿ, ಬಂದ ಉತ್ತರವನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಾರೆ. ಹಿಂದೆ ಕಂಡ ದೋಷಗಳಿಗೂ ಅದರಲ್ಲಿ ಜಾಗವಿದೆ, ಅವು ಮತ್ತೆ ತಲೆಯೆತ್ತದಿರಲೆಂದು. ನಮ್ಮ ಶಾಖೆಯ ಎರಡು ಪುಸ್ತಕಗಳ ಕಥೆಯೇ ಇದು. ಇಲ್ಲಿ ರಾತ್ರಿ ಎಚ್ಚರವಿರುವುದು ಯಂತ್ರ.

ಕೆಲವರು ತಿದ್ದುವ ಬದಲು ಬೇರೆಯೇ ಮನೆ ಕಟ್ಟಿದರು. 2007ರಲ್ಲಿ ಸೈಮನ್ ಮೈಕೆಲ್ ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ‘ಎಚ್‌ಲೆಜರ್’ ಆರಂಭಿಸಿದರು. 2008ರಲ್ಲಿ ಮಾರ್ಟಿನ್ ಬ್ಲೇ ಪೈಥಾನ್ ಭಾಷೆಯಲ್ಲಿ ‘ಬೀನ್‌ಕೌಂಟ್’ ಆರಂಭಿಸಿ, ಎರಡನೆಯ ಆವೃತ್ತಿಗಾಗಿ ಅದನ್ನು ಮೊದಲಿನಿಂದ ಬರೆದರು. ‘ಇಂದಿಗೆ ಬಾಕಿ ಇಷ್ಟಿರಬೇಕು’ ಎಂದು ಕಡತದಲ್ಲೇ ಬರೆದಿಟ್ಟರೆ ಲೆಜರ್ ಅದನ್ನು ಸಾಲುಗಳು ಬಂದ ಕ್ರಮದಲ್ಲಿ ಪರೀಕ್ಷಿಸುತ್ತದೆ. ಬೀನ್‌ಕೌಂಟ್ ದಿನಾಂಕದ ಕ್ರಮಕ್ಕೆ ಜೋಡಿಸಿಕೊಂಡು ನೋಡುತ್ತದೆ. ತಡವಾಗಿ ಸಿಕ್ಕ ರಸೀದಿಗಳನ್ನು ಕೊನೆಯಲ್ಲಿ ಬರೆಯುವ ನನ್ನಂಥವರಿಗೆ ಎರಡನೆಯದೇ ಅನುಕೂಲವೆನ್ನಬೇಕು. ಎಚ್‌ಲೆಜರ್ ಮಾತ್ರ ಲೆಜರಿನ ಕಡತಗಳನ್ನು ಬಹುಮಟ್ಟಿಗೆ ಹಾಗೆಯೇ ಓದಬಲ್ಲದು. ಹಾಗಾಗಿ ಒಂದೇ ಕಿರ್ದಿಯನ್ನು ಇಬ್ಬರು ಲೆಕ್ಕಿಗರ ಮುಂದಿಟ್ಟು, ಇಬ್ಬರ ಮೊತ್ತವನ್ನೂ ತಾಳೆ ನೋಡಲು ಮನೆಯ ಮೇಜಿನ ಮೇಲೆಯೇ ಸಾಧ್ಯ.