ಕೊಬ್ಬರಿ ಲಾಟಿನಿಂದ ಬ್ಯಾಂಕ್ ಖಾತೆಯವರೆಗೆ: ವ್ಯವಹಾರ ಸ್ವಯಂಚಾಲನೆಯ ಬಗೆಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಕೆಡವಿದ ಕಾಯಿ ಎಂಟು-ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಅಟ್ಟದಲ್ಲಿ ಕೂರಬೇಕು. ಒಳಗಿನ ನೀರು ಇಂಗಿ, ಅಲುಗಿಸಿದಾಗ ಗುಂಡು ಕುಲುಕಾಡುವ ಸದ್ದು ಬಂದ ಮೇಲೆಯೇ ಅದನ್ನು ಸುಲಿದು ಕರಟ ಬಿಡಿಸುವುದು. ಆದರೆ ಅದೇ ಕೊಬ್ಬರಿ ತಿಪಟೂರಿನ ಮಾರುಕಟ್ಟೆ ಪ್ರಾಂಗಣ ಸೇರಿದ ಮೇಲೆ ಅದರ ಬೆಲೆ ಕೆಲವೇ ಗಂಟೆಗಳಲ್ಲಿ ನಿಷ್ಕರ್ಷೆಯಾಗುತ್ತದೆ. ಈ ಕೊನೆಯ ಹಂತದ ಬಹುಪಾಲು ಕೆಲಸವನ್ನು ಈಗ ಗಣಕಯಂತ್ರ ನಿರ್ವಹಿಸುತ್ತಿದೆ.

ಇದಕ್ಕೆ ಉದ್ಯಮ ವಲಯದಲ್ಲಿರುವ ಹೆಸರು ವ್ಯವಹಾರ ಪ್ರಕ್ರಿಯೆಯ ಸ್ವಯಂಚಾಲನೆ. ಹೆಸರು ಒಂದೇ ಆದರೂ ಅದರೊಳಗಿನ ತಂತ್ರಜ್ಞಾನಗಳು ಹಲವು. ಮಾರಾಟಗಾರರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ತೋರಿಸುವುದರಿಂದ ಗೊಂದಲ ಹೆಚ್ಚಾಗಿದೆ. ಮನುಷ್ಯ ಮಾಡುತ್ತಿದ್ದ ಯಾವ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಲಾಗಿದೆ ಎಂದು ಕೇಳಿಕೊಂಡರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಕಡತದ ಹಾದಿ

ಮೊದಲನೆಯದು ಕಾರ್ಯಸರಣಿಯ ಸ್ವಯಂಚಾಲನೆ, ಅಂದರೆ ವರ್ಕ್‌ಫ್ಲೋ. ಇಲ್ಲಿ ಯಂತ್ರ ಸ್ವಂತವಾಗಿ ಹೆಚ್ಚೇನನ್ನೂ ತೀರ್ಮಾನಿಸುವುದಿಲ್ಲ. ಒಂದು ಹಂತ ಮುಗಿಯದೆ ಮುಂದಿನ ಹಂತ ತೆರೆಯದಂತೆ ಕಾಯುತ್ತದೆ, ಯಾರು ಯಾವಾಗ ಏನು ಮಾಡಿದರೆಂದು ದಾಖಲಿಸುತ್ತದೆ. ಕರ್ನಾಟಕದ ರೈತರಿಗೆ ಇದರ ಹಳೆಯ ಪರಿಚಯವೆಂದರೆ 'ಭೂಮಿ' ಯೋಜನೆ. ಅಲ್ಲಿ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. ಪರಿಚಯಸ್ಥರ ಅರ್ಜಿಯನ್ನು ಮೇಲಕ್ಕೆ ಎಳೆದುಕೊಳ್ಳುವ ಅವಕಾಶ ಅಷ್ಟರಮಟ್ಟಿಗೆ ತಗ್ಗಿತು.

ಕೊಬ್ಬರಿ ಟೆಂಡರ್ ಇದೇ ಜಾತಿಗೆ ಸೇರಿದ್ದು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಸಂಸ್ಥೆಯ ಮೂಲಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಗೇಟಿನಲ್ಲಿ ಆವಕ ನಮೂದಾದೊಡನೆ ದಲಾಲರ ಅಂಗಡಿಯಲ್ಲಿನ ಸರಕಿಗೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಸರಕು ನೋಡಿ ತಂತಮ್ಮ ದರ ನಮೂದಿಸುತ್ತಾರೆ. ಗಡುವು ಮುಗಿಯುವವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಬಳಿಕ ಯಂತ್ರ ಅತಿ ಹೆಚ್ಚಿನ ದರವನ್ನು ಆರಿಸಿ ಪ್ರಕಟಿಸುತ್ತದೆ. ಒಪ್ಪುವುದು ಬಿಡುವುದು ರೈತನಿಗೆ ಸೇರಿದ್ದು. ತೂಕ, ಲೆಕ್ಕಪಟ್ಟಿ, ಸಾಗಣೆ ಪರವಾನಗಿ ಆಮೇಲಿನ ಹಂತಗಳು.

ಚೀಟಿ ಬರೆದು ಪೆಟ್ಟಿಗೆಗೆ ಹಾಕಿ, ಗುಮಾಸ್ತರು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆಯೇ. ಯಂತ್ರಕ್ಕೆ ಒಪ್ಪಿಸಿದ ತೀರ್ಮಾನ ಸರಳವಾದದ್ದು: ಯಾವ ಅಂಕಿ ದೊಡ್ಡದು? ಕೊಳ್ಳುವವರ ಸಂಖ್ಯೆಯೇ ಕಡಿಮೆಯಿದ್ದರೆ ಅಥವಾ ಅವರು ಹೊರಗೇ ಮಾತಾಡಿಕೊಂಡು ಬಂದಿದ್ದರೆ ತಂತ್ರಾಂಶ ಏನೂ ಮಾಡಲಾರದು.

ನಿಯಮದ ಯಂತ್ರ

ಎರಡನೆಯ ಬಗೆ, ನಿಯಮಾಧಾರಿತ ಸ್ವಯಂಚಾಲನೆ. ಇಲ್ಲಿ ಯಂತ್ರ ಅರ್ಹತೆಯನ್ನು ನಿರ್ಣಯಿಸುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ರೈತನ 'ಫ್ರೂಟ್ಸ್' ಗುರುತಿನ ಸಂಖ್ಯೆ, ಆಧಾರ್, ಪಹಣಿ, ಬೆಳೆ ವಿವರಗಳನ್ನು ಪರಸ್ಪರ ತಾಳೆ ನೋಡಿ ನೋಂದಣಿಯನ್ನು ಒಪ್ಪುವುದು ಅಥವಾ ತಿರಸ್ಕರಿಸುವುದು ಇಂಥ ನಿಯಮಗಳೇ.

ಇದರ ಶಕ್ತಿಯೂ ಮಿತಿಯೂ 2024ರಲ್ಲಿ ಒಟ್ಟಿಗೇ ಕಂಡವು. ಆ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ರಾಜ್ಯ ಸರ್ಕಾರ ಅದರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಪೇಟೆಯ ದರ ಇದಕ್ಕಿಂತ ಬಹಳ ಕೆಳಗಿತ್ತು. ನಾಫೆಡ್ ಖರೀದಿಗೆ ಪ್ರಮಾಣದ ಮಿತಿ ಇದ್ದುದರಿಂದ ನೋಂದಣಿ ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ಕೆಲವೇ ದಿನಗಳಲ್ಲಿ ಮಿತಿ ಭರ್ತಿಯಾಯಿತು. ರೈತರ ಹೆಸರಿನಲ್ಲಿ ಬೇರೆಯವರು ನೋಂದಾಯಿಸಿದ್ದಾರೆಂಬ ದೂರುಗಳೆದ್ದವು. ಕೊನೆಗೆ ಸರ್ಕಾರ ಆ ನೋಂದಣಿಯನ್ನು ರದ್ದುಪಡಿಸಿ, ಮಾರ್ಚ್ ತಿಂಗಳಲ್ಲಿ ಬೆರಳಚ್ಚು ಪಡೆದು ಹೊಸದಾಗಿ ನೋಂದಾಯಿಸಬೇಕಾಯಿತು.

ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಮೊದಲು ಬಂದವರಿಗೆ ಮೊದಲು ಎಂಬ ನಿಯಮ 'ಭೂಮಿ'ಯಲ್ಲಿ ನ್ಯಾಯ ಒದಗಿಸಿತು, ಕೊಬ್ಬರಿ ನೋಂದಣಿಯಲ್ಲಿ ಅನ್ಯಾಯದ ದಾರಿಯಾಯಿತು. ಖಾತೆ ಬದಲಾವಣೆಗೆ ಕಾದವರಿಗೆ ಇಂದಲ್ಲ ನಾಳೆ ಸರದಿ ಬರುತ್ತದೆ. ಕೊಬ್ಬರಿಗೆ ಮಿತಿ ಮುಗಿದರೆ ಸರದಿ ಬರುವುದೇ ಇಲ್ಲ. ಅಂಥಲ್ಲಿ ಯಂತ್ರದ ವೇಗ ಅನುಕೂಲವಾಗುವುದು ಗಣಕದ ಹತ್ತಿರ ಇರುವವರಿಗೆ, ಅಟ್ಟದಲ್ಲಿ ಕೊಬ್ಬರಿ ಇಟ್ಟುಕೊಂಡು ಊರಿನಿಂದ ಬಸ್ಸು ಹಿಡಿದು ಬರುವವರಿಗಲ್ಲ.

ಪರದೆಯ ಗುಮಾಸ್ತ

ಮೂರನೆಯದು ಆರ್‌ಪಿಎ ಎಂದು ಕರೆಯಲಾಗುವ ತಂತ್ರಾಂಶ ರೋಬಾಟ್. ಕೈಕಾಲಿನ ರೋಬಾಟ್ ಇದಲ್ಲ. ಗುಮಾಸ್ತನೊಬ್ಬ ಒಂದು ಪರದೆಯಿಂದ ಅಂಕಿಗಳನ್ನು ನಕಲಿಸಿ ಇನ್ನೊಂದು ಪರದೆಯಲ್ಲಿ ತುಂಬುವುದನ್ನು ಅದು ಹಾಗೆಯೇ ಅನುಕರಿಸುತ್ತದೆ. ಬೆಂಗಳೂರಿನಲ್ಲಿ ಇನ್ಫೊಸಿಸ್‌ನ ಅಂಗಸಂಸ್ಥೆ ಎಡ್ಜ್‌ವರ್ವ್ ಇಂಥ ತಂತ್ರಾಂಶ ತಯಾರಿಸುತ್ತದೆ. ಬ್ಯಾಂಕು, ವಿಮೆ ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ ಇದರ ಬಳಕೆ ಹೆಚ್ಚು. ಹಳೆಯ ತಂತ್ರಾಂಶವನ್ನು ಬದಲಿಸದೆಯೇ ಕೆಲಸ ಸಾಗುವುದು ಇದರ ಲಾಭ. ಪರದೆಯ ಮೇಲಿನ ಗುಂಡಿಯ ಜಾಗ ಬದಲಾದರೆ ಸಾಕು, ರೋಬಾಟ್ ತಬ್ಬಿಬ್ಬಾಗುತ್ತದೆ.

ನೋಡಿ ಅಳೆಯುವ ಯಂತ್ರ

ನಾಲ್ಕನೆಯದು ಕೃತಕ ಬುದ್ಧಿಮತ್ತೆಯ ಸ್ವಯಂಚಾಲನೆ. ಬರಹ, ಚಿತ್ರಗಳನ್ನು ಗುರುತಿಸಿ ಅಂದಾಜು ಹೇಳುವುದು ಇದರ ವಿಶೇಷ. ಬಿಲ್ಲುಗಳನ್ನು ಓದಿ ಲೆಕ್ಕಕ್ಕೆ ಸೇರಿಸುವುದರಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ. ಆದರೆ ಇದು ಕೊಡುವುದು ಸಂಭವನೀಯತೆಯನ್ನು. ನಿಯಮದ ಯಂತ್ರ ಏಕೆ ತಿರಸ್ಕರಿಸಿತೆಂದು ಕೇಳಿದರೆ ಉತ್ತರ ಸಿಗುತ್ತದೆ, ಇದಕ್ಕೆ ಕೇಳಿದರೆ ಹಲವು ಸಲ ಸಿಗದು. ಕೊಬ್ಬರಿಯ ಗಾತ್ರ, ಬಣ್ಣ, ಒಣಗಿದ ಹದವನ್ನು ಚಿತ್ರ ನೋಡಿ ವರ್ಗೀಕರಿಸುವುದು ತಾತ್ತ್ವಿಕವಾಗಿ ಸಾಧ್ಯ. ಆದರೆ ಬೆಲೆ ನಿಂತಿರುವುದು ಆ ಹದದ ಮೇಲೆ. ಗುಂಡನ್ನು ಕೈಯಲ್ಲಿ ತೂಗಿ, ಒಡೆದು ನೋಡುವ ವರ್ತಕನ ಅನುಭವಕ್ಕೆ ಬದಲಾಗಿ ಯಂತ್ರದ ಅಂದಾಜನ್ನು ನಿಲ್ಲಿಸುವುದಾದರೆ, ಆ ಅಂದಾಜನ್ನು ಪ್ರಶ್ನಿಸಲು ರೈತನಿಗೆ ಒಂದು ಕಿಟಕಿ ಇರಲೇಬೇಕು.

ಸದ್ಯಕ್ಕೆ ರೈತರಿಗೆ ಎದುರಾಗುವ ತೊಡಕು ಇದಕ್ಕಿಂತ ಸಣ್ಣದು, ಆದರೆ ಹಣ ನಿಲ್ಲಿಸುವಷ್ಟು ಗಟ್ಟಿಯಾದದ್ದು. ಪಹಣಿಯಲ್ಲಿ ತಂದೆಯ ಹೆಸರೇ ಉಳಿದಿರುವುದು, ಆಧಾರ್‌ನಲ್ಲಿ ಒಂದು ಅಕ್ಷರ ಹೆಚ್ಚಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು. ದಲಾಲರಿಗೆ ಮುಖ ಗೊತ್ತಿರುತ್ತಿತ್ತು, ತಂತ್ರಾಂಶಕ್ಕೆ ಗೊತ್ತಿರುವುದು ಅಕ್ಷರ ಮಾತ್ರ. ಖರೀದಿಯ ಹಂಗಾಮು ಬರುವ ಮೊದಲೇ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ದಾಖಲೆಯನ್ನು ಪರಿಶೀಲಿಸಿಕೊಳ್ಳಬಹುದು. ಪಹಣಿಯಲ್ಲೇ ದೋಷವಿದ್ದರೆ ಅದು ಕಂದಾಯ ಇಲಾಖೆಯಲ್ಲಿ ತಿದ್ದುಪಡಿಯಾಗಬೇಕು. ಅದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.