ಅಪ್ಪಣೆ ತಲಪುವ ಹೊತ್ತು

ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ತಂಗಿಯ ಮಗ ಹೋದ ಯುಗಾದಿಗೆ ಪಟ್ಟನಾಯಕನಹಳ್ಳಿಗೆ ಬಂದಿದ್ದವನು, ಹೋಳಿಗೆಯ ಊಟ ಮುಗಿಸಿ ಜಗಲಿಯ ಮೇಲೆ ಕುಳಿತು, ತನ್ನ ಕಂಪ್ಯೂಟರನ್ನು ಬಿಚ್ಚಿ ನನ್ನ ಮುಂದಿಟ್ಟ. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಬಿಡುವಿನ ವೇಳೆಯಲ್ಲಿ ಒಂದು ವಿಡಿಯೋ ಆಟವನ್ನು ರಚಿಸುತ್ತಿದ್ದಾರೆ. ಪಾಳೆಯಗಾರರ ಕಾಲದ ಯುದ್ಧವೇ ಅದರ ವಸ್ತು. ಆಡುವವನು ಒಬ್ಬ ನಾಯಕ. ಅವನ ಕೈಕೆಳಗೆ ಹನ್ನೆರಡು ಮಂದಿ ಭಟರ ಒಂದು ತುಕಡಿ. ನಾಯಕನಿಗೆ ಐದು ಗುಂಡಿಗಳು: ಮುನ್ನುಗ್ಗು, ನಿಲ್ಲು, ಹಿಂಬಾಲಿಸು, ಹರಡಿಕೋ, ಹಿಂದೆ ಸರಿ. ಗುಂಡಿಯನ್ನು ಒತ್ತಿದರೆ ಸಾಕು, ಹನ್ನೆರಡು ಮಂದಿಯೂ ಒಂದೇ ದೇಹವೆಂಬಂತೆ ಹಾಗೆಯೇ ನಡೆದುಕೊಳ್ಳುತ್ತಾರೆ. “ಮಾವ, ಇದರಲ್ಲಿ ಚರಿತ್ರೆಯ ತಪ್ಪುಗಳಿದ್ದರೆ ಹೇಳಿ” ಎಂದ.

ಕನ್ನಡ ಎಂ.ಎ. ಪಾಠ ಹೇಳಿ ನಿವೃತ್ತನಾದವನು ನಾನು, ಯುದ್ಧಶಾಸ್ತ್ರಜ್ಞನಲ್ಲ. ಉಡುಪಿನ ವಿಷಯ, ಕತ್ತಿಯ ಆಕಾರದ ವಿಷಯ ಕೇಳುತ್ತಿದ್ದಾನೆಂದು ಭಾವಿಸಿ, ಅವನ ಭಟರ ಕೈಯಲ್ಲಿದ್ದ ಕತ್ತಿ ಯೂರೋಪಿನ ನೈಟುಗಳದ್ದು, ನಮ್ಮವರದಲ್ಲ ಎಂದೆ. ಅವನು ಬರೆದುಕೊಂಡ. ಆದರೆ ರಾತ್ರಿ ಮಲಗಿದಾಗ ನನಗೆ ಅನ್ನಿಸಿತು: ಕತ್ತಿಯದು ಸಣ್ಣ ತಪ್ಪು. ದೊಡ್ಡ ತಪ್ಪಿರುವುದು ಆ ಗುಂಡಿಗಳಲ್ಲಿ. ಒತ್ತಿದ ಕ್ಷಣಕ್ಕೆ ಅಪ್ಪಣೆ ತಲಪುವ ಯುದ್ಧ ನಮ್ಮ ಹಿಂದಿನವರಲ್ಲಿ ಯಾರಿಗೂ ಒದಗಿರಲಿಲ್ಲ.

ನಮ್ಮ ಪುಸ್ತಕಗಳಲ್ಲಿ ತುಕಡಿಗಳಿಗೇನೂ ಬರವಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಹಿರಿಯರಿಗೆ ‘ಪತ್ತಿ’ ಎಂಬ ಮಾತು ನೆನಪಿರಬಹುದು. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದರ ಮೂರು ಪಟ್ಟು ಸೇನಾಮುಖ, ಅದರ ಮೂರು ಪಟ್ಟು ಗುಲ್ಮ. ಹೀಗೆಯೇ ಏರುತ್ತ ಹೋಗಿ ಅಕ್ಷೌಹಿಣಿಯನ್ನು ಮುಟ್ಟುವ ಹೊತ್ತಿಗೆ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಲೆಕ್ಕ ಅಚ್ಚುಕಟ್ಟಾಗಿದೆ. ನನ್ನ ಅಳಿಯನ ಹನ್ನೆರಡು ಮಂದಿಯ ತುಕಡಿಯೂ ಇಂಥದೇ ಅಚ್ಚುಕಟ್ಟಿನದು. ಕಾಗದದ ಮೇಲಿನ ಸೈನ್ಯಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಕಿವುಡಿಲ್ಲ.

ನಿಜವಾದ ದಂಡಿನಲ್ಲಿ ಅಪ್ಪಣೆಯನ್ನು ಹೊತ್ತುಕೊಂಡು ಹೋಗುತ್ತಿದ್ದವು ಭೇರಿ, ಕೊಂಬು, ಕಹಳೆ, ಬಾವುಟ, ಮತ್ತು ಕುದುರೆಯೇರಿದ ಒಬ್ಬ ಮನುಷ್ಯ. ಇಂದಿಗೂ ನಮ್ಮ ಜಾತ್ರೆಗಳಲ್ಲಿ ಕೊಂಬು ಕಹಳೆ ಊದುತ್ತಾರಷ್ಟೆ. ತೇರಿನ ಗದ್ದಲದಲ್ಲಿ ನಾಲ್ಕು ಮಾರು ದೂರದವನಿಗೆ ಅದು ಏನು ಹೇಳುತ್ತಿದೆಯೆಂದು ತಿಳಿಯುವುದಿಲ್ಲ. ಧೂಳು, ಹೊಗೆ, ಸಾವಿರಾರು ಗೊರಸುಗಳ ಸದ್ದು ಇವುಗಳ ನಡುವೆ ಅದು ತಲಪುವುದು ಹೇಗೆ? ತಲಪಿದರೂ ಆ ಭಟ ಅದನ್ನು ಪಾಲಿಸಬೇಕಲ್ಲ! ವಿಜಯನಗರದ ಅಮರನಾಯಕ ವ್ಯವಸ್ಥೆಯಲ್ಲಿ ನಾಯಕನು ಭೂಮಿಯನ್ನು ಪಡೆದು ಇಂತಿಷ್ಟು ಜನರನ್ನು ದಂಡಿಗೆ ತರಬೇಕಾಗಿತ್ತು. ಆ ಜನ ಅವನ ಜನ. ಅವರಿಗೆ ಅವನ ಮುಖ ಗೊತ್ತು, ಅರಸನ ಮುಖ ಗೊತ್ತಿಲ್ಲ. ನಾಯಕನು ತಿರುಗಿದರೆ ಅವರೂ ತಿರುಗಿದರು. ಇದಕ್ಕಿಂತ ಬಿಗಿಯಾದ ನಂಟೂ ಇದ್ದಿತು: ಹೊಯ್ಸಳ ಎರಡನೆಯ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನೆಂಬ ದಂಡನಾಯಕನು ಗರುಡರ ವ್ರತದಂತೆ ಮಡದಿಯೊಡನೆ, ತನ್ನ ಸಂಗಡಿಗರೊಡನೆ ಪ್ರಾಣವನ್ನೊಪ್ಪಿಸಿದ. ಹಳೇಬೀಡಿನ ಗರುಡಸ್ತಂಭ ಅದರ ಸಾಕ್ಷಿ. ಆ ಜನರಿಗೆ ಯಾರೂ ಗುಂಡಿ ಒತ್ತಲಿಲ್ಲ.

ಬೆಳಿಗ್ಗೆ ಎದ್ದು ಇಷ್ಟನ್ನೂ ಹೇಳಿದೆ. “ಅಪ್ಪಣೆ ತಲಪದ ಆಟವನ್ನು ಯಾರು ಆಡುತ್ತಾರೆ ಮಾವ? ದುಡ್ಡು ಕೊಟ್ಟವನು ಬೈಯುತ್ತಾನೆ” ಎಂದ. ಮಾತು ಸುಳ್ಳಲ್ಲ. ಚದುರಂಗದ ಕಾಲಾಳೂ ಮುಟ್ಟಿದ ಕೂಡಲೇ ನಡೆಯುತ್ತಾನೆ. ಚದುರಂಗದಲ್ಲಿ ಅಸಾಧ್ಯ ಪ್ರವೀಣರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹಲಗೆಯ ಮೇಲೂ ಯಾವ ಕುದುರೆಯೂ ಎದುರು ಮಾತಾಡಿರಲಾರದು. ಆಗ ಅವನಿಗೆ ನಾನು ದೊಡ್ಡೇರಿಯ ಕಥೆ ಹೇಳಿದೆ. ನಿಮಗೂ ಅದನ್ನು ಹೇಳಬೇಕೆಂದೇ ಈ ಭಾಷಣ.

ನಮ್ಮ ಮಧುಗಿರಿ ತಾಲ್ಲೂಕಿನಲ್ಲಿಯೂ ಒಂದು ದೊಡ್ಡೇರಿ ಹೋಬಳಿಯಿದೆ. ಇದು ಅದಲ್ಲ, ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿ. 1687ರಲ್ಲಿ ಮೊಗಲರು ಈ ಸೀಮೆಯನ್ನು ಗೆದ್ದು ಶಿರಾವನ್ನು ಸುಬೆಯ ರಾಜಧಾನಿಯನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. ಅಲ್ಲಿಗೆ ಬಂದ ಮೊದಲ ಅಧಿಕಾರಿ ಖಾಸಿಂಖಾನ್. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿದನೆಂದು ನಾವು ಶಾಲೆಯಲ್ಲಿ ಓದುತ್ತಿದ್ದೆವಲ್ಲ, ಆ ಖಾಸಿಂಖಾನನೇ. 1695ರ ಕೊನೆಯಲ್ಲಿ ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆ ಲೂಟಿಯ ಮಾಲಿನೊಡನೆ ಈ ಸೀಮೆಯ ಮೇಲೆ ಹಾಯುತ್ತಿದ್ದಾಗ ಅವನನ್ನು ತಡೆಯುವ ಕೆಲಸ ಖಾಸಿಂಖಾನನ ಪಾಲಿಗೆ ಬಂತು. ಅವನಿಗೆ ನೆರವಾಗಲು ಔರಂಗಜೇಬನು ಖಾನಾಜಾದ್ ಖಾನ್ ಮೊದಲಾದ ಸರದಾರರನ್ನು ಕಳುಹಿಸಿದ.

ದೊಡ್ಡ ಮನೆತನದ ಅತಿಥಿ ಬಂದನಲ್ಲ, ಉಪಚಾರ ಮಾಡದಿದ್ದರೆ ಹೇಗೆ? ಆದವಾನಿ ಕೋಟೆಯಿಂದ ಬೆಲೆಬಾಳುವ ಡೇರೆಗಳು, ಬೆಳ್ಳಿ ಬಂಗಾರದ ಪಾತ್ರೆಗಳು, ಪಿಂಗಾಣಿ ಎಲ್ಲವನ್ನೂ ತರಿಸಿ, ಮಾರನೆಯ ದಿನದ ಬೀಡಿಗೆಂದು ದಂಡಿಗಿಂತ ಕೆಲವು ಮೈಲಿ ಮುಂದಕ್ಕೆ ಸಾಗಿಸಿದ ಖಾಸಿಂಖಾನ್. ಸಂತಾಜಿಗೆ ಸುದ್ದಿ ತಲಪಿತು. ಅವನು ತನ್ನ ದಂಡನ್ನು ಮೂರು ಭಾಗ ಮಾಡಿದ. ಒಂದು ಭಾಗ ಆ ಡೇರೆಗಳನ್ನು ಕೊಳ್ಳೆಹೊಡೆಯಬೇಕು. ಎರಡನೆಯದು ಎದುರಾಗಿ ಬಂದ ಮೊಗಲರೊಡನೆ ಕಾದಬೇಕು. ಮೂರನೆಯದು ಏನನ್ನೂ ಮಾಡದೆ ಕಾಯುತ್ತಿರಬೇಕು.

ಮುಂಜಾನೆ ಮೊದಲ ತುಕಡಿ ಡೇರೆಗಳ ಮೇಲೆ ಬಿತ್ತು. ಸುದ್ದಿ ಬಂದಾಗ ಖಾನಾಜಾದ್ ಖಾನ್ ಇನ್ನೂ ಮಲಗಿದ್ದ. ಅತಿಥಿಯನ್ನು ಎಬ್ಬಿಸದೆಯೇ ಖಾಸಿಂಖಾನ್ ಕುದುರೆ ಓಡಿಸಿದ. ಅದು ಮರ್ಯಾದೆಯೋ ಬಿಂಕವೋ ಹೇಳುವುದು ಕಷ್ಟ; ಎಬ್ಬಿಸಿ ಇಬ್ಬರೂ ಸೇರಿ ಒಂದು ಮಾತು ಆಡಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ ಎಂದು ನನ್ನಂಥ ಓದುಗನಿಗೆ ಅನ್ನಿಸದೆ ಇರದು. ಸ್ವಲ್ಪ ದೂರದಲ್ಲಿಯೇ ಎರಡನೆಯ ತುಕಡಿ ಅವನಿಗೆ ಅಡ್ಡವಾಯಿತು. ಆಮೇಲೆ ಎಚ್ಚೆತ್ತ ಖಾನಾಜಾದ್ ಖಾನನು ಬೀಡನ್ನೂ ಸಾಮಾನನ್ನೂ ಬಿಟ್ಟು ಗೆಳೆಯನ ನೆರವಿಗೆ ಧಾವಿಸಿದ. ಅವನು ಹೋದದ್ದೇ ತಡ, ಕಾಯುತ್ತಿದ್ದ ಮೂರನೆಯ ತುಕಡಿ ಎದ್ದು ಬಂದು ಕಾವಲಿಲ್ಲದ ಬೀಡನ್ನು ಬಳಿದುಕೊಂಡು ಹೋಯಿತು. ಕಾದುತ್ತಿದ್ದ ಇಬ್ಬರು ಸರದಾರರಿಗೂ ಒಟ್ಟಿಗೇ ತಿಳಿಯಿತು: ಹಿಂದಕ್ಕೆ ಹೋಗಿ ಉಣ್ಣಲು ಏನೂ ಉಳಿದಿಲ್ಲ.

ಇದರ ಜೊತೆಗೆ ಬಂದೂಕಿನ ಕಾಲಾಳುಗಳ ದೊಡ್ಡ ಪಡೆಯೊಂದು ಮೊಗಲರನ್ನು ಸುತ್ತುಗಟ್ಟಿತ್ತು. ಮೊಗಲರೊಡನೆ ಹಗೆಯಿದ್ದ ಚಿತ್ರದುರ್ಗದ ಭರಮಣ್ಣನಾಯಕ ಸಂತಾಜಿಯ ಜೊತೆಗೂಡಿದ್ದ. ಈ ಕಾಲಾಳುಗಳನ್ನು ಪಾರಸಿ ಬರಹಗಾರರು ‘ಕಾಲಾ ಪಿಯಾದೆ’, ಎಂದರೆ ಕರಿಯ ಕಾಲಾಳು ಎಂದು ಕರೆದಿದ್ದಾರೆ. ನಮ್ಮ ಸೀಮೆಯ ಬೇಡರು, ನಮ್ಮ ಹಳ್ಳಿಗಳ ಜನ. ದಿಲ್ಲಿಯ ಲೇಖನಿಗೆ ಅವರ ಹೆಸರು ಸಿಗಲಿಲ್ಲ, ಮೈಬಣ್ಣವೊಂದು ಸಿಕ್ಕಿತು. ನನ್ನ ಅಳಿಯನ ಆಟದಲ್ಲಿ ಅವರು ‘ಎರಡನೆಯ ಬಗೆಯ ಶತ್ರು’ ಎಂದು ದಾಖಲಾಗಿದ್ದರು. ಅದನ್ನು ನೋಡಿ ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಊರಾಚೆಯ ಹೊಲದಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲಿನ ಭಟನಿಗೆ ಕಲ್ಲುಕುಟಿಗನು ಬಿಲ್ಲು ಕೊಟ್ಟ, ಮೀಸೆ ಕೊಟ್ಟ, ಮೇಲಿನ ಪಟ್ಟಿಯಲ್ಲಿ ಅಪ್ಸರೆಯರನ್ನು ಕೊಟ್ಟ. ಕಂಪ್ಯೂಟರು ಅಷ್ಟಾದರೂ ಕೊಡಬಾರದೆ?

ಮೊಗಲರು ಹಿಂದೆ ಸರಿದು ದೊಡ್ಡೇರಿಯ ಸಣ್ಣ ಕೋಟೆಯನ್ನು ಸೇರಿದರು. ಸಣ್ಣ ಕೋಟೆಯಲ್ಲಿ ಎಷ್ಟು ದವಸವಿದ್ದೀತು? ಅದು ಬೇಗ ಮುಗಿಯಿತು. ಮೇವಿಲ್ಲದ ದನಕರುಗಳು ಮನೆಗಳ ಮಾಡಿನ ಹುಲ್ಲನ್ನು ತಿಂದವು. ಖಾಸಿಂಖಾನನಿಗೆ ಅಫೀಮಿನ ಚಟ. ಅದು ಸಿಗದೆ ಸತ್ತನೆಂದು ಕೆಲವರು, ಅವಮಾನಕ್ಕೆ ಅಂಜಿ ವಿಷ ತೆಗೆದುಕೊಂಡನೆಂದು ಕೆಲವರು. ಕೊನೆಗೆ ಖಾನಾಜಾದ್ ಖಾನ್ ಇಪ್ಪತ್ತು ಲಕ್ಷ ರೂಪಾಯಿ ಬಿಡುಗಡೆಯ ಹಣಕ್ಕೆ ಒಪ್ಪಿ ಹೊರಬಂದ. ಹಸಿದು ಹೊರಬಂದ ಮೊಗಲ ಸಿಪಾಯಿಗಳಿಗೆ ಬಾಗಿಲಲ್ಲಿ ನಿಂತ ಮರಾಠಾ ಸಿಪಾಯಿಗಳೇ ರೊಟ್ಟಿಯನ್ನೂ ನೀರನ್ನೂ ಕೊಟ್ಟರಂತೆ. ಶಿರಾದ ಕಲ್ಲಿನ ಜುಮ್ಮಾ ಮಸೀದಿ ಕಟ್ಟಿದ್ದು 1696ರಲ್ಲಿ, ಇದಾದ ಮಾರನೆಯ ವರ್ಷ. ಅದರ ಮುಂದೆ ಹಾಯುವಾಗಲೆಲ್ಲ ನನಗೆ ಈ ರೊಟ್ಟಿಯ ನೆನಪಾಗುತ್ತದೆ.

ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂರನೆಯ ತುಕಡಿಯ ನಾಯಕನು ಏನು ಮಾಡುತ್ತಿದ್ದ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಕಣ್ಣೆದುರಿಗೆ ಗೆಳೆಯರು ಕೊಳ್ಳೆ ಹೊಡೆಯುತ್ತಿದ್ದಾರೆ, ಕಾದುತ್ತಿದ್ದಾರೆ, ಸಾಯುತ್ತಿದ್ದಾರೆ. ತನ್ನ ಜನರನ್ನು ಹಿಡಿದು ನಿಲ್ಲಿಸಿಕೊಂಡಿದ್ದ. ಆ ಹೊತ್ತಿನಲ್ಲಿ ಸಂತಾಜಿಯಿಂದ ಅವನಿಗೆ ಹೊಸ ಅಪ್ಪಣೆ ಬರುವ ಹಾಗಿಲ್ಲ, ಬರಬೇಕಾಗಿಯೂ ಇಲ್ಲ. ಹಿಂದಿನ ದಿನವೇ ಆಡಿದ ಮಾತು ಅವನ ಎದೆಯಲ್ಲಿತ್ತು. ಖಾಸಿಂಖಾನನ ಕಡೆ ಅಪ್ಪಣೆಗಳು ಅವಸರದಲ್ಲಿ ಹುಟ್ಟಿ, ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು.

ಹಾಗಾದರೆ ಆಟವನ್ನು ಕಟ್ಟುವುದು ಹೇಗೆ? ಇದರಲ್ಲಿ ನಾನು ಅವನಿಗೆ ಗುರುವಲ್ಲ. ಆದರೂ ದೇವಸ್ಥಾನದ ಚಪ್ಪಡಿಗಳ ಮೇಲೆ ಗೀರಿರುವ ಆಡು-ಹುಲಿಯ ಮನೆಗಳನ್ನು ನೆನಪಿಸಿದೆ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರುತ್ತದೆ, ತಿನ್ನುತ್ತದೆ; ಆಡಿಗೆ ಹಾರಲು ಬಾರದು. ಒಂದೊಂದಾಗಿ ಬಂದು ಕೂತು, ಒತ್ತೊತ್ತಾಗಿ ನಿಂತು, ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡುವುದೊಂದೇ ಅದಕ್ಕಿರುವ ಗೆಲುವು. ನಮ್ಮ ಬಾಲ್ಯದಲ್ಲಿ ಆಡುಗಳ ಕಡೆ ಆಡಲು ಯಾರಿಗೂ ಬೇಸರವಿರಲಿಲ್ಲ. ತಾನು ಇಟ್ಟ ಆಡನ್ನು ಹುಲಿ ತಿಂದಾಗ ಹುಡುಗರು ಬೈಯುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ.

ದೀಪಾವಳಿಗೆ ಅವನು ಮತ್ತೆ ಬಂದ. ಕತ್ತಿಗಳು ಬಾಗಿದ್ದವು. ಗುಂಡಿ ಒತ್ತಿದರೆ ಭಟರು ತಕ್ಷಣ ನಡೆಯುತ್ತಿರಲಿಲ್ಲ. ಬಾವುಟ ಹಿಡಿದ ಸವಾರನೊಬ್ಬ ನಾಯಕನ ಪಕ್ಕದಿಂದ ಹೊರಟು ಬಯಲನ್ನು ದಾಟಿ ಹೋಗುತ್ತಿದ್ದ. ಒಮ್ಮೆ ನಾನೇ ಆಡಿದೆ. ಸವಾರ ಅರ್ಧ ದಾರಿಯಲ್ಲಿ ಗುಂಡಿಗೆ ಬಿದ್ದ. ಅಪ್ಪಣೆ ಅಲ್ಲಿಯೇ ಉಳಿಯಿತು, ನನ್ನ ಹನ್ನೆರಡು ಮಂದಿ ನಿಂತಲ್ಲೇ ನಿಂತು ಸತ್ತರು. ಕನ್ನಡಕ ತೆಗೆದು ಒರೆಸಿಕೊಂಡೆ. ಮೂಲೆಯಲ್ಲಿ ಒಂದು ದವಸದ ಚೀಲದ ಚಿತ್ರ. ಹೊತ್ತು ಕಳೆದಂತೆ ಅದು ಸೊರಗುತ್ತಿತ್ತು. ಆಟವನ್ನು ಪರೀಕ್ಷಿಸಿದ ಅವನ ಗೆಳೆಯರಲ್ಲೊಬ್ಬ, ಆಟ ಕೆಟ್ಟಿದೆ, ಗುಂಡಿ ಕೆಲಸ ಮಾಡುತ್ತಿಲ್ಲ ಎಂದು ದೂರಿದನಂತೆ. ‘ಎರಡನೆಯ ಬಗೆಯ ಶತ್ರು’ ಈಗ ಇಲ್ಲ. ಬೇಡರ ಕಾಲಾಳುಗಳಿಗೆ ಒಬ್ಬೊಬ್ಬನಿಗೂ ಒಂದೊಂದು ಹೆಸರಿಟ್ಟಿದ್ದಾನೆ: ಓಬಯ್ಯ, ಬೋರಯ್ಯ, ಪಾಲಯ್ಯ, ತಿಪ್ಪಯ್ಯ. ನಮ್ಮ ಕಡೆಯ ಹೆಸರುಗಳೇ. ಅವನಮ್ಮನನ್ನು ಕೇಳಿ ಬರೆದುಕೊಂಡದ್ದು.

ರೊಟ್ಟಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ. ಯುದ್ಧ ಮುಗಿದ ಮೇಲೆ ಅದು ತಾನಾಗಿಯೇ ನಡೆಯುವ ಚಿತ್ರವಾಗಿರಲಿ ಎಂಬುದು ಅವನ ವಾದ. ಕೊಡುವುದೋ ಬಿಡುವುದೋ ಆಡುವವನ ಕೈಯಲ್ಲಿರಲಿ ಎಂಬುದು ನನ್ನದು. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ದೊಡ್ಡೇರಿಗೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಾನು ಕೂಗುವುದು, ಅವನು ಕೈಗಡಿಯಾರ ಹಿಡಿದು ನಿಲ್ಲುವುದು.